ಲಾವಕ್ಕಿಗಳಿಗಾಗಿ ಹಚ್ಚಿದ ಬೆಂಕಿ

ಜನವರಿ 11

ನೆರೆಯ ರೈತ ಹಾರ್ಲನ್ ವಾಸ್ ಹುಲ್ಲಿನ ಪಿಂಡಿಗಳ ಮೇಲಿಂದ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದಾನೆ. ಆಸ್ಪತ್ರೆಗೆ ನೋಡಲು ಹೋದರೆ ತನ್ನ ನೋವಿನ ಮಾತೇ ಇಲ್ಲ. "ಟ್ವೈಲಾ, ಈ ಸಲ ಬೆಂಕಿ ನಿಂದು" ಅಂದುಬಿಟ್ಟ.

ತಮಾಷೆಗೆ ಅಂದುಕೊಂಡೆ. ಅಲ್ಲವಂತೆ. ಲಾವಕ್ಕಿಗಳು ಮರಳಿ ಬರಲೆಂದು ಕಟ್ಟಿದ ನಮ್ಮ ಕೂಟದಲ್ಲಿ ಆರು ಮನೆಯ ರೈತರಿದ್ದೇವೆ, ಊರಿನ ಬೇಟೆಗಾರರ ಸಂಘದವರಿದ್ದಾರೆ, ವನ್ಯಜೀವಿ ಇಲಾಖೆಯ ಹುಡುಗಿ ಮಾರಿಸೋಲ್ ಇದ್ದಾಳೆ. ಆದರೆ ಹುಲ್ಲುಗಾವಲಿಗೆ ಬೆಂಕಿ ಹಾಕಿಸಬೇಕಾದರೆ ತರಬೇತಿ ಆದವರೇ ಮುಂದೆ ನಿಲ್ಲಬೇಕು. ಹೋದ ವರ್ಷ ಆ ತರಬೇತಿಗೆ ಹಾರ್ಲನ್ ಹೋಗಿದ್ದ. ಅವನಿಗೆ ಜೊತೆಯಿರಲಿ ಅಂತ ನಾನೂ ಹೋಗಿದ್ದೆ. ನಿಜ ಹೇಳಬೇಕೆಂದರೆ ಅಲ್ಲಿ ಮಧ್ಯಾಹ್ನದ ಊಟ ಚೆನ್ನಾಗಿರುತ್ತದೆ ಅಂತ ಕೇಳಿದ್ದೆ.

ಮನೆಗೆ ಬಂದು ಹೇಳಿದರೆ ನನ್ನ ಗಂಡ ವರ್ನ್ ಕುರ್ಚಿಯಿಂದ ಬೀಳುವಷ್ಟು ನಕ್ಕ. "ನಿನ್ನ ಕೈಗೆ ಬೆಂಕಿನಾ? ಒಲೆ ಹಚ್ಚೋವಾಗ ಮುಖ ಆ ಕಡೆ ತಿರುಗಿಸ್ಕೊಳ್ಳೋಳು ನೀನು! ಊರು ಉಳಿಯುತ್ತೇನೇ?"

ನಕ್ಕರೆ ನಗಲಿ. ನನಗೂ ಹೆದರಿಕೆಯೇ. ಆದರೆ ಸೀಡರ್ ಮರಗಳು ನುಗ್ಗಿ ನುಗ್ಗಿ ನಮ್ಮ ಹುಲ್ಲುಗಾವಲನ್ನೆಲ್ಲ ನುಂಗಿವೆ. ಲಾವಕ್ಕಿಗೆ ಓಡಾಡಲು ಹುಲ್ಲಿನ ನಡುವೆ ಬರಿನೆಲ ಬೇಕು, ಅಡಗಲು ಕಾಡು ಪ್ಲಮ್ ಪೊದೆ ಬೇಕು. ಬೆಂಕಿಯಿಲ್ಲದೆ ಎರಡೂ ಇಲ್ಲ. ಮೊದಲೆಲ್ಲ ನವೆಂಬರ್ ಬಂತೆಂದರೆ ಬೇಟೆಯವರಿಂದ ಊರು ತುಂಬುತ್ತಿತ್ತು. ವರ್ನ್ ಈಗ ಎಷ್ಟೋ ವರ್ಷಗಳಿಂದ ಕೋವಿಯನ್ನು ಎಣ್ಣೆ ಹಾಕಿ ಒರೆಸುತ್ತಾನೆ, ವಾಪಸ್ ಇಡುತ್ತಾನೆ, ಅಷ್ಟೇ.

ಒಪ್ಪಿಕೊಂಡೆ. ಶಾಲೆಯ ಅಡುಗೆಮನೆಯಲ್ಲಿ ಅಷ್ಟು ವರ್ಷ ದುಡಿದೆ. ಏನು ಮಾಡಬೇಕೆಂದು ನನಗೆ ಹೇಳಿದವರೇ ಎಲ್ಲರೂ, ನನ್ನನ್ನು ಕೇಳಿದವರು ಯಾರೂ ಇರಲಿಲ್ಲ.

ಜನವರಿ 24

ಪಕೆಟ್ ಮನೆಗೆ ಹೋಗಿದ್ದೆ. ನಮ್ಮ ಮೂಡಣ ಬೇಲಿಯ ಆಚೆ ಅವರದೇ ಜಮೀನು. ಲೀಲಂಡ್ ಪಕೆಟ್, ಅವನ ಅಕ್ಕ ಓಪಲ್, ಇಬ್ಬರೇ. ಕೂಟದ ಆರೂ ಜಮೀನುಗಳ ನಡುವೆ ಅವರದೊಂದು ಬಿದ್ದ ಹಲ್ಲಿನ ಜಾಗದ ಹಾಗೆ ಉಳಿದಿದೆ. ಕೂಟಕ್ಕೆ ಸೇರಿಕೊಳ್ಳಿ ಅಂತ ಕೇಳುವುದಿತ್ತು.

ಓಪಲ್ ಬಾಗಿಲಲ್ಲೇ ಕೈ ಹಿಡಿದುಕೊಂಡಳು. ಮೂಗಿನಲ್ಲಿ ಆಮ್ಲಜನಕದ ಕೊಳವೆ. ಯಂತ್ರ ಮೂಲೆಯಲ್ಲಿ ಉಸ್ ಉಸ್ ಅನ್ನುತ್ತದೆ. "ಬಾರೇ, ಕೂತ್ಕೋ. ಈ ಯಂತ್ರದ್ದೂ ನಂದೂ ಒಂದೇ ರಾಗ ಈಗ. ಚರ್ಚಲ್ಲಿ ಹಾಡೋಕೆ ಇಬ್ಬರನ್ನೂ ಸೇರಿಸ್ಕೋಬೇಕು ಪಾದ್ರಿ" ಅಂದಳು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಪೆಕಾನ್ ಬೀಜದ ಕಡುಬು ತಿನ್ನಿಸಿದಳು, ಎರಡು ತುಂಡು.

ಲೀಲಂಡ್ ಟೋಪಿ ತೆಗೆಯಲಿಲ್ಲ, ಕೂರಲೂ ಇಲ್ಲ. "ನೋಡಮ್ಮ ಟ್ವೈಲಾ, ಹಕ್ಕಿ ಬೇಡ ಅಂತ ನಾನನ್ನಲ್ಲ. ನಮ್ಮಪ್ಪನ ಜೊತೆ ಹೊಡೆದಿದೀನಿ, ಹುರ್ಕೊಂಡು ತಿಂದಿದೀನಿ. ಆದ್ರೆ ಹೊಗೆ ಬಂದ್ರೆ ಇವಳಿಗೆ ಉಸಿರು ನಿಲ್ಲುತ್ತೆ. ನನ್ನ ನೆಲದಲ್ಲಿ ಬೆಂಕಿ ಬೇಡ."

ವಾದ ಮಾಡಲಿಲ್ಲ. ಅವನು ಹೇಳಿದ್ದು ಸರಿ. ದಾರಿಯುದ್ದಕ್ಕೂ ಓಪಲ್‌ಳ ಮುಖವೇ ಕಣ್ಣ ಮುಂದೆ. ಎಷ್ಟು ಸೊರಗಿದ್ದಾಳೆ.

ಫೆಬ್ರವರಿ 16

ಮೊದಲ ಬೆಂಕಿ, ವಾಸ್ ಜಮೀನಿನಲ್ಲಿ.

ಬೆಳಿಗ್ಗೆ ಪಿಕಪ್‌ನ ಹಿಂದೆ ಹೋಗಿ ವಾಂತಿ ಮಾಡಿದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಮಾರಿಸೋಲ್ ನೋಡಿದ್ದಳು, ನೀರಿನ ಬಾಟಲಿ ಕೊಟ್ಟಳು. ಒಳ್ಳೆಯ ಹುಡುಗಿ. ಬೆಂಕಿ ದಾಟದಂತೆ ಸುತ್ತ ನೆಲ ಉತ್ತು ಬೆಂಕಿರೇಖೆ ಮಾಡಿದ್ದೆವು. ನಾಲ್ಕೂ ಬದಿಗೆ ನೀರಿನ ಟ್ಯಾಂಕ್ ಹೊತ್ತ ಗಾಡಿ. ಎಣ್ಣೆ ಹನಿಸುವ ದೀವಟಿಗೆ ನನ್ನ ಕೈಗೆ ಬಂದಾಗ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಮಧ್ಯಾಹ್ನ ಗಾಳಿ ಸ್ವಲ್ಪ ಜೋರಾಯಿತು ಅನ್ನಿಸಿ, ಅರ್ಧಕ್ಕೇ ನಿಲ್ಲಿಸಿ ಎಲ್ಲ ಆರಿಸಿ ಅಂದೆ. ಸಂಘದ ಹುಡುಗರು ರೇಗಿಸಿದರು: "ಅಡುಗೆ ಅಜ್ಜಿ ಒಲೆ ಆರಿಸಿದ್ರು, ಊಟ ಸಿಗಲ್ಲ ನಡೀರೋ!" ಅನ್ನಲಿ. ಆದರೂ ನಿಲ್ಲಿಸಿದರು. ನಾನು ನಿಲ್ಲಿಸಿ ಅಂದೆ, ಅಷ್ಟು ಜನ ಗಂಡಸರು ನಿಲ್ಲಿಸಿದರು.

ಕೂದಲಿನ ಹೊಗೆ ವಾಸನೆ ಎರಡು ಸಲ ತೊಳೆದರೂ ಹೋಗಿಲ್ಲ. ಥೂ.

ಫೆಬ್ರವರಿ 28

ವಾಸ್ ಜಮೀನು ಮುಗಿಸಿ ಅದರಾಚೆಯದನ್ನೂ ಸುಟ್ಟೆವು. ಹಸಿ ಸೀಡರ್‌ಗೆ ಬೆಂಕಿ ತಗುಲಿದಾಗ ಆಗುವ ಸದ್ದನ್ನು ಹೇಗೆ ಬರೆಯುವುದೋ ತಿಳಿಯದು. ಗಟ್ಟಿ ಬಟ್ಟೆಯನ್ನು ಯಾರೋ ಒಂದೇ ಎಳೆತಕ್ಕೆ ಹರಿದಂತೆ. ಹೆದರಿ ಹಿಂದೆ ಸರಿದೆ. ಆಮೇಲೆ ಇನ್ನೊಂದಕ್ಕೆ ಯಾವಾಗ ತಗಲುತ್ತದೋ ಅಂತ ನೋಡುತ್ತ ನಿಂತೆ.

ಸಂಜೆ ಹೊಗೆ ಪಕೆಟ್ ಕಡೆಗೆ ಹೋಯಿತು. ಲೀಲಂಡ್ ಫೋನ್ ಮಾಡಿದ. ಕೂಗಾಡಲಿಲ್ಲ. "ಅವಳಿಗೆ ತುಂಬಾ ಕಷ್ಟ ಆಗ್ತಿದೆ ಟ್ವೈಲಾ" ಅಂದ, ಅಷ್ಟೇ. ಕೋಳಿ ಸೂಪು ಮಾಡಿಕೊಂಡು ಓಡಿದೆ. ಓಪಲ್ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆದರೂ ನನ್ನ ಮೊಣಕೈ ತಟ್ಟಿದಳು. ನಾಚಿಕೆಯಾಯಿತು.

ಒಂದು ಮಾತು ಆಗಿದೆ: ಇನ್ನು ಮೇಲೆ ಬೆಂಕಿ ಹಾಕುವ ಹಿಂದಿನ ದಿನ ನಾನು ಫೋನ್ ಮಾಡುವುದು, ಲೀಲಂಡ್ ಅಕ್ಕನನ್ನು ಪೇಟೆಯಲ್ಲಿರುವ ಸೋದರಸೊಸೆಯ ಮನೆಗೆ ಕರೆದೊಯ್ಯುವುದು. ಇಷ್ಟು ಸುಲಭದ ದಾರಿ ಮೊದಲೇ ಯಾಕೆ ಹೊಳೆಯಲಿಲ್ಲ?

ಮಾರ್ಚ್ 7

ಮಾರಿಸೋಲ್ ನಕ್ಷೆ ಹರಡಿದಳು. ಸುಟ್ಟ ಜಮೀನುಗಳಿಗೆ ಹಸಿರು ಬಣ್ಣ. ನಡುವೆ ಪಕೆಟ್ ಜಮೀನು ಬೂದಿ ಬಣ್ಣ. ಲಾವಕ್ಕಿ ದೂರ ಹಾರುವ ಹಕ್ಕಿಯಲ್ಲ. ನಡೆದು ದಾಟುವಂತಿದ್ದರೇ ದಾಟುತ್ತದೆ. ಅಲ್ಲಿ ಸೀಡರ್ ಕಾಡು ಇರುವ ತನಕ ಈಚೆಯದು ಈಚೆಗೆ, ಆಚೆಯದು ಆಚೆಗೆ.

"ಪರವಾಗಿಲ್ಲ ಮೇಡಂ" ಅಂದಳು ಮಾರಿಸೋಲ್. "ಅವರ ಬೇಲಿ ಸುತ್ತ ಬಳಸ್ಕೊಂಡು ಒಂದು ಓಣಿ ಮಾಡೋಣ. ನಿಧಾನ ಆಗುತ್ತೆ, ಆದ್ರೂ ಆಗುತ್ತೆ."

ನಿಧಾನವಾಗಿ ಆಗುವುದನ್ನು ನೋಡಲು ನನಗೆಷ್ಟು ಆಯಸ್ಸಿದೆ?

ಬರುವಾಗ ಮೂಡಣ ಬೇಲಿಯ ಉದ್ದಕ್ಕೂ ಗಾಡಿ ಓಡಿಸಿಕೊಂಡು ಬಂದೆ. ಆಚೆಯ ಸೀಡರ್ ಕಾಡು ಎಷ್ಟು ದಟ್ಟ, ಎಷ್ಟು ಕಪ್ಪು. ಹಕ್ಕಿಗಳು ಅದರ ಹಣ್ಣು ತಿಂದು ಬಂದು ನನ್ನ ನೆಲದಲ್ಲಿ ಬೀಜ ಹಾಕುತ್ತವೆ. ನಾವು ಇಲ್ಲಿ ಸುಡುತ್ತಿರಬೇಕು, ಅವರು ಅಲ್ಲಿ ಬೆಳೆಸುತ್ತಿರಬೇಕು.

ಮಾರ್ಚ್ 13

ಸಭೆ. ಲೀಲಂಡ್‌ನ ಹುಲ್ಲನ್ನು ಪ್ರತಿ ವರ್ಷ ಹಾರ್ಲನ್‌ನ ಯಂತ್ರದಲ್ಲಿ ನಾವೇ ಪಿಂಡಿ ಕಟ್ಟಿಕೊಡುತ್ತೇವೆ. ಈ ವರ್ಷ ಯಾಕೆ ಕಟ್ಟಿಕೊಡಬೇಕು ಅಂತ ಕೇಳಿದೆ. ನಮ್ಮ ಜೊತೆ ಸೇರದವನಿಗೆ ನಮ್ಮ ಯಂತ್ರ ಯಾಕೆ?

ಕಟ್ಟಿಕೊಡುವುದು ಬೇಡ ಅನ್ನುವವರು ಕೈ ಎತ್ತಿ ಅಂದೆ. ಎಲ್ಲರೂ ಕಾಫಿ ಕುಡಿದು ಮುಗಿಸಿದರು. ಆಮೇಲೆ ಒಬ್ಬೊಬ್ಬರಾಗಿ ಕೈ ಎತ್ತಿದರು. ವರ್ನ್ ಎತ್ತಲಿಲ್ಲ.

ಗಾಡಿಯಲ್ಲಿ ಅವನು ಅಂದ: "ನಮ್ಮಪ್ಪ ಸತ್ತ ವರ್ಷ ನಮ್ಮ ದನಗಳಿಗೆ ಮೇವು ಹಾಕಿದ್ದು ಲೀಲಂಡ್, ಮರೆತ್ಯಾ?"

"ಮರೆತಿಲ್ಲ. ಅದು ಬೇರೆ, ಇದು ಬೇರೆ."

"ಹೂಂ" ಅಂದ.

ಮಾರ್ಚ್ 20

ವರ್ನ್ ಹಿತ್ತಲ ಕೋಣೆಯಲ್ಲಿ ಮಲಗುತ್ತಿದ್ದಾನೆ. ನನ್ನ ಜಾಕೆಟ್ಟಿನ ಹೊಗೆಗೆ ಕೆಮ್ಮು ಬರುತ್ತದಂತೆ. ತೊಳೆಯಬಹುದಿತ್ತು. ವಾರಕ್ಕೆರಡು ಸಲ ಹಾಕಿಕೊಳ್ಳುವುದನ್ನು ಯಾಕೆ ತೊಳೆಯುವುದು? ನನಗೇನೂ ಕೆಟ್ಟ ವಾಸನೆ ಅನ್ನಿಸುವುದಿಲ್ಲ.

ಇವತ್ತು ಹಳ್ಳದ ಅಂಚಿನ ಒಣಹುಲ್ಲಿಗೆ ನಾನೊಬ್ಬಳೇ ಹಚ್ಚಿ ನಾನೇ ಆರಿಸಿದೆ. ಅಭ್ಯಾಸಕ್ಕೆ. ಯಾರಿಗೂ ಹೇಳುವಂಥದ್ದೇನಲ್ಲ. ಸಲೀಸಾಗಿ ಆಯಿತು. ಗಾಳಿ ಯಾವ ಕಡೆಯದು ಅಂತ ಈಗ ಕೆನ್ನೆಗೇ ಗೊತ್ತಾಗುತ್ತದೆ.

ಪಕೆಟ್ ಬೇಲಿಗೆ ಹಲಗೆ ಹೊಡೆದಿದ್ದಾನೆ, ಒಳಗೆ ಬರಬೇಡಿ ಅಂತ. ಯಾರು ಹೋಗಿದ್ದರು ಒಳಗೆ?

ಮಾರ್ಚ್ 29

ಹಾರ್ಲನ್ ಮನೆಗೆ ಬಂದಿದ್ದಾನೆ. ಕಾಲು ಚಾಚಿಕೊಂಡು ಕುರ್ಚಿಯಲ್ಲೇ ವಾಸ. ನಮ್ಮ ಮೂಡಣ ಹುಲ್ಲುಗಾವಲು ಮಾತ್ರ ಉಳಿದಿದೆ ಅಂದಾಗ ಹುಬ್ಬು ಗಂಟಿಕ್ಕಿದ.

"ಅದು ಬಡಗಣ ಗಾಳಿ ಇದ್ದಾಗ ಮಾತ್ರ. ಪಡುವಣ ಗಾಳಿ ಬರೋ ಸೂಚನೆ ಇದ್ರೆ ಕಡ್ಡಿ ಗೀರಬೇಡ. ನೇರ ಲೀಲಂಡ್ ಮನೆಗೆ ಹೋಗುತ್ತೆ."

"ನಂಗೊತ್ತು."

"ಗೊತ್ತು ಅಂತ ನಂಗೂ ಗೊತ್ತು. ಆದ್ರೂ ಹೇಳ್ದೆ."

ಎಲ್ಲರೂ ನನಗೆ ಹೇಳುವವರೇ. ಹೊರಡುವಾಗ ಅವನ ಹೆಂಡತಿ ಬಾಗಿಲವರೆಗೆ ಬಂದು, "ಸ್ವಲ್ಪ ದಣಿವಾರಿಸ್ಕೋ ಟ್ವೈಲಾ, ಕಣ್ಣು ಕೆಂಪಾಗಿದಾವೆ" ಅಂದಳು. ಹೊಗೆಗೆ ಕೆಂಪಾಗದೆ ಇನ್ನೇನಾಗುತ್ತವೆ?

ಏಪ್ರಿಲ್ 3, ಬೆಳಿಗ್ಗೆ

ಬಡಗಣ ಗಾಳಿ, ಹದವಾಗಿದೆ. ಮಧ್ಯಾಹ್ನದ ಮೇಲೆ ಪಡುವಣಕ್ಕೆ ತಿರುಗಬಹುದು ಅಂತ ರೇಡಿಯೋದಲ್ಲಿ ಬಂತು. ನಾಳೆ ನೋಡೋಣ ಮೇಡಂ ಅನ್ನುತ್ತಾಳೆ ಮಾರಿಸೋಲ್. ನಾಳೆ, ನಾಳಿದ್ದು ಅಂತ ಕೂತರೆ ಹುಲ್ಲು ಹಸಿರಾಗಿ ಈ ವರ್ಷವೇ ಕೈತಪ್ಪುತ್ತದೆ. ಮಧ್ಯಾಹ್ನದೊಳಗೆ ಮುಗಿಸುತ್ತೇನೆ.

ಪಕೆಟ್‌ಗೆ ನಿನ್ನೆ ಫೋನ್ ಮಾಡಲಿಲ್ಲ. ಮಾಡಿದ್ದರೆ ಇಲಾಖೆಗೆ ದೂರು ಹೇಳುತ್ತಿದ್ದ, ದಿನ ಹಾಳಾಗುತ್ತಿತ್ತು. ಸಂಜೆ ಎಲ್ಲ ಮುಗಿದ ಮೇಲೆ ಹೇಳಿದರಾಯಿತು.

ಏಪ್ರಿಲ್ 3

ಗಾಳಿ ತಿರುಗಿತು.

ಏಪ್ರಿಲ್ 5

ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತೇನೆ. ಜನ ಈಗಾಗಲೇ ಏನೇನೋ ಮಾತಾಡುತ್ತಿದ್ದಾರೆ.

ತೆಂಕಣ ಅಂಚಿನಲ್ಲಿ, ಗಾಳಿಗೆ ಎದುರಾಗಿ ನಿಧಾನವಾಗಿ ಸುಡುವ ಎದುರು ಬೆಂಕಿ ಹಾಕಿ, ಎರಡೂ ಬದಿ ಹಚ್ಚಿ, ಕೊನೆಗೆ ಬಡಗಣ ತುದಿಯಲ್ಲಿ ಹಚ್ಚಿದೆವು. ಎಲ್ಲ ಸರಿಯಾಗಿತ್ತು. ಮೂಡಣ ಬೇಲಿಯ ಹತ್ತಿರ ನೀರಿನ ಗಾಡಿಯೊಂದು ನಿಂತಿತ್ತು. ಅದನ್ನು ಬಡಗಣ ಬದಿಗೆ ಕಳಿಸಿದೆ. ಅಲ್ಲಿ ಬೇಕಾಗಬಹುದು ಅನ್ನಿಸಿತು. ಮುಂದೆ ನಿಂತವಳಿಗೆ ಹಾಗೆ ಅನ್ನಿಸಿದರೆ ಕಳಿಸಬೇಕು, ಅದೇ ಅವಳ ಕೆಲಸ.

ಆಮೇಲೆ ಗಾಳಿ ಪಡುವಣದಿಂದ ಬಂತು, ಒಂದೇ ನೂಕು. ಬೆಂಕಿ ಬೇಲಿ ಹಾರಿ ಪಕೆಟ್‌ನ ಸೀಡರ್‌ಗಳಿಗೆ ಹೊಕ್ಕಿತು. ಮಾರಿಸೋಲ್ ಕಿರುಚುತ್ತಿದ್ದಳು. ಹುಡುಗರು ಗಾಡಿ ತಿರುಗಿಸಿಕೊಂಡು ಓಡಿದರು. ಒಂದಾದ ಮೇಲೊಂದು ಮರ ಭುಗಿಲೆನ್ನುತ್ತಿತ್ತು, ಬುಡದಿಂದ ತುದಿಯವರೆಗೆ ಒಂದೇ ಉಸಿರಿಗೆ. ನಾನು ನಿಂತಲ್ಲೇ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು. ಅಷ್ಟು ವರ್ಷದಿಂದ ಬೆಳೆದದ್ದು ಅಷ್ಟು ಬೇಗ ಹೋಯಿತು.

ವಿದ್ಯುತ್ ಕಂಬ ಸುಟ್ಟು ಬಿದ್ದು, ಪಕೆಟ್ ಮನೆಯಲ್ಲಿ ಓಪಲ್‌ಳ ಆಮ್ಲಜನಕದ ಯಂತ್ರ ನಿಂತಿತಂತೆ. ಲೀಲಂಡ್ ಅಕ್ಕನನ್ನು ಎತ್ತಿಕೊಂಡು ಪಿಕಪ್‌ಗೆ ಹಾಕಿ ಹೊಗೆಯೊಳಗೇ ಓಡಿಸಿದ್ದಾನೆ. ದಾರಿ ಕಾಣದೆ ಗಾಡಿ ಹಳ್ಳಕ್ಕೆ ಇಳಿಯಿತು. ವರ್ನ್ ಹೋಗಿ ಇಬ್ಬರನ್ನೂ ಹೊರಗೆ ತಂದ. ಕೊಟ್ಟಿಗೆ ಸುಟ್ಟಿದೆ. ಮನೆ ಉಳಿದಿದೆ. ಓಪಲ್ ಆಸ್ಪತ್ರೆಯಲ್ಲಿದ್ದಾಳೆ.

ವರ್ನ್ ರಾತ್ರಿ ಮೇಜಿನ ಎದುರು ಕೂತ. ಕೈಗೆಲ್ಲ ಬ್ಯಾಂಡೇಜು.

"ಆ ಗಾಡಿ ಯಾಕೆ ಕಳಿಸ್ದೆ?"

"ಬಡಗಣ ಕಡೆ ಬೇಕಿತ್ತು."

"ಬಡಗಣದಲ್ಲಿ ಏನಿತ್ತೇ? ಆಗಲೇ ಸುಟ್ಟು ಕರಕಾಗಿತ್ತು. ಉರಿಯೋಕೆ ಒಂದು ಕಡ್ಡಿ ಇರ್ಲಿಲ್ಲ ಅಲ್ಲಿ."

"ನೀನು ಅಲ್ಲಿರ್ಲಿಲ್ಲ."

"ಇದ್ದೆ, ಟ್ವೈಲಾ. ಗಾಡಿ ಓಡಿಸಿದ್ದು ನಾನೇ."

ಅದು ಮರೆತೇ ಹೋಗಿತ್ತು ನನಗೆ.

ಏಪ್ರಿಲ್ 11

ಓಪಲ್ ಬೆಳಿಗ್ಗೆ ತೀರಿಕೊಂಡಳು. ಅವಳ ಶ್ವಾಸಕೋಶ ಮೊದಲೇ ಹೋಗಿತ್ತು. ಎಲ್ಲರಿಗೂ ಗೊತ್ತಿದ್ದ ವಿಷಯ ಅದು.

ಏಪ್ರಿಲ್ 14

ಮಣ್ಣು ಮಾಡಿ ಬಂದೆವು. ಚರ್ಚಿನವರು ನಾನು ಕೂತ ಬೆಂಚಿನಲ್ಲಿ ಜಾಗ ಬಿಟ್ಟು ಕೂತರು. ಸಾವಿನ ಮನೆಯಲ್ಲಿ ಜನಕ್ಕೆ ಏನು ಮಾಡಬೇಕೆಂದು ತೋಚುವುದಿಲ್ಲ. ಪಾದ್ರಿ ಓದುತ್ತಿರುವಾಗ ಸ್ಮಶಾನದ ಬೇಲಿಯಲ್ಲಿ ಎಷ್ಟೊಂದು ಸೀಡರ್ ಗಿಡ ಹುಟ್ಟಿವೆ ಅಂತ ಗಮನಿಸಿದೆ. ಯಾರೂ ನೋಡಿಕೊಳ್ಳುವುದಿಲ್ಲ.

ಕೋಳಿ-ಅಕ್ಕಿಯ ಭಕ್ಷ್ಯ ಬೇಯಿಸಿ ಲೀಲಂಡ್ ಮನೆಗೆ ಒಯ್ದೆ. ಬಾಗಿಲು ತೆರೆದ. ಪಾತ್ರೆ ನೋಡಿದ. ನನ್ನ ಜಾಕೆಟ್ಟು ನೋಡಿದ.

"ಅದನ್ನ ಹಾಕ್ಕೊಂಡು ಬಂದ್ಯಾ?" ಅಂದ. ಮೆಲ್ಲಗೆ ಬಾಗಿಲು ಹಾಕಿಕೊಂಡ.

ನನ್ನಲ್ಲಿರುವುದು ಅದೊಂದೇ ಬೆಚ್ಚಗಿನ ಜಾಕೆಟ್ಟು. ದುಃಖದಲ್ಲಿರುವವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಏಪ್ರಿಲ್ 30

ವಿಚಾರಣೆಗೆ ಬಂದವರು ಹೋದರು. ಗಾಳಿಯಿಂದಾದ ಅವಘಡ ಅಂತ ಬರೆದುಕೊಂಡರು. ಸಂಘದ ಹುಡುಗರು ಹೆಚ್ಚೇನೂ ಹೇಳಲಿಲ್ಲ. ಮಾರಿಸೋಲ್ ಎಲ್ಲವನ್ನೂ ಹೇಳಿದಳಂತೆ, ಫೋನಿನದ್ದು, ಗಾಡಿಯದ್ದು. ಬೇರೆ ಜಿಲ್ಲೆಗೆ ವರ್ಗ ಕೇಳಿಕೊಂಡಿದ್ದಾಳೆ. ಹೋಗುವ ಮುನ್ನ ಬಂದಿದ್ದಳು, ಅಂಗಳದಲ್ಲೇ ನಿಂತು ಮಾತಾಡಿದಳು.

"ಮೇಡಂ, ಮೊದಲ ದಿನ ನೀವು ಹೆದರಿ ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಆವತ್ತು ನಮ್ಮಮ್ಮನಿಗೆ ಫೋನ್ ಮಾಡಿ ಹೇಳಿದ್ದೆ, ಕೊನೆಗೂ ಸರಿಯಾದೋರು ಸಿಕ್ಕಿದ್ರು ಅಂತ."

ಅಳುತ್ತಿದ್ದಳು. ಯಾಕೆಂದು ಕೇಳಿದರೆ ಕಣ್ಣೊರೆಸಿಕೊಂಡು ಗಾಡಿ ಹತ್ತಿದಳು. ಈ ಕೆಲಸಕ್ಕೆ ಗಟ್ಟಿ ಮನಸ್ಸು ಬೇಕು, ಅವಳದಿನ್ನೂ ಚಿಕ್ಕ ವಯಸ್ಸು.

ಜೂನ್ 8

ಕೂಗಿತು!

ಬೆಳಗಿನ ಜಾವ ಮೂಡಣ ಬೇಲಿಯ ಹತ್ತಿರ ನಿಂತಿದ್ದೆ. ಬಾಬ್-ವೈಟ್, ಬಾಬ್-ವೈಟ್, ಲಾವಕ್ಕಿಯ ಆ ಸಿಳ್ಳೆ. ಮೊದಲು ನಮ್ಮ ಕಡೆಯಿಂದ ಒಂದು. ಅದಕ್ಕೆ ಉತ್ತರವಾಗಿ ಆಚೆಯಿಂದ, ಪಕೆಟ್‌ನ ಸುಟ್ಟ ನೆಲದಿಂದ, ಇನ್ನೊಂದು. ಆಮೇಲೆ ಮತ್ತೊಂದು. ಕಪ್ಪು ಬುಡಗಳ ನಡುವೆ ಹೊಸ ಹುಲ್ಲು ಮೊಣಕಾಲುದ್ದ ಬಂದಿದೆ, ಪ್ಲಮ್ ಚಿಗುರಿದೆ. ಮಾರಿಸೋಲ್ ಹೇಳಿದ್ದ ಹಾಗೆಯೇ, ಅವಳು ಹೇಳಿದ್ದಕ್ಕಿಂತ ಎಷ್ಟೋ ಬೇಗ.

ವರ್ನ್‌ನನ್ನು ಎಬ್ಬಿಸಲು ಓಡಿಬಂದೆ. ಹಾಸಿಗೆ ಖಾಲಿಯಿತ್ತು. ಪಕೆಟ್‌ನ ಕೊಟ್ಟಿಗೆ ಕಟ್ಟಿಕೊಡಲು ಆಗಲೇ ಹೋಗಿದ್ದ. ದಿನಾ ಹೋಗುತ್ತಾನೆ. ಯಾರಿಗೆ ಹೇಳಲಿ? ಹಾರ್ಲನ್‌ಗೆ ಫೋನ್ ಮಾಡಿದೆ. "ಸಂತೋಷ" ಅಂದು ಇಟ್ಟುಬಿಟ್ಟ.

ಜುಲೈ 2

ವರ್ನ್ ಬಟ್ಟೆಬರೆ ತೆಗೆದುಕೊಂಡು ಹೋದ. ಕೊಟ್ಟಿಗೆ ಕೆಲಸ ಮುಗಿಯುವ ತನಕ ಲೀಲಂಡ್ ಮನೆಯಲ್ಲೇ ಇರುತ್ತಾನಂತೆ; ಓಡಾಟ ಉಳಿಯುತ್ತದೆ. ಸರಿಯೇ. ಬೇಲಿ ದಾಟಿದರೆ ಅವರ ಮನೆ, ಓಡಾಟ ಎಷ್ಟಿತ್ತು ಅನ್ನುವುದು ಬೇರೆ ಮಾತು. ಕೋವಿಯನ್ನೂ ಒಯ್ದಿದ್ದಾನೆ. ನವೆಂಬರ್‌ಗೆ ಇನ್ನೂ ಎಷ್ಟು ದಿನವಿದೆ.

ಮನೆ ತುಂಬ ಶಾಂತವಾಗಿದೆ. ಕೆಲಸ ಚೆನ್ನಾಗಿ ಸಾಗುತ್ತದೆ.

ಆಗಸ್ಟ್ 4

ಸಭೆ ಕರೆದಿದ್ದೆ. ಬೇಸಿಗೆಯ ಕೊನೆಯಲ್ಲಿ ಹಾಕುವ ಬೆಂಕಿಯೇ ಸೀಡರ್ ಮರಿಗಳಿಗೆ ಸರಿಯಾದ ಮದ್ದು. ಹುಲ್ಲು ಒಣಗಿ ಗರಿಗರಿಯಾಗಿದೆ. ಪಕೆಟ್ ಜಮೀನಿನ ಉಳಿದ ಭಾಗ, ಮನೆಯ ಹಿಂದಿನದು, ಈಗಲೇ ಆಗಬೇಕು. ಅಗ್ನಿಶಾಮಕ ಠಾಣೆಯಲ್ಲಿ ಕುರ್ಚಿ ಹಾಕಿಸಿ, ಕಾಫಿ ಮಾಡಿಟ್ಟು ಕಾದೆ. ಯಾರೂ ಬರಲಿಲ್ಲ. ಒಂದು ಫೋನೂ ಇಲ್ಲ.

ಕೊನೆಗೆ ಬಾಗಿಲು ತೆರೆಯಿತು. ಲೀಲಂಡ್ ಬಂದ, ಅವನ ಹಿಂದೆ ವರ್ನ್. ಲೀಲಂಡ್ ಟೋಪಿ ತೆಗೆದು ಮುಂದಿನ ಕುರ್ಚಿಯಲ್ಲಿ ಕೂತ.

"ಈ ಕೂಟಕ್ಕೆ ಸೇರೋಕೆ ಏನಿರಬೇಕು?" ಅಂದ.

"ಇಲ್ಲಿ ಜಮೀನಿರಬೇಕು."

"ಇದೆ. ಸೇರಿದೀನಿ ಅಂತ ಬರ್ಕೋ."

ನನಗೆ ಎಷ್ಟು ಸಂತೋಷವಾಯಿತೆಂದರೆ ಪೆನ್ನು ಕೈಗೆ ಸಿಗಲಿಲ್ಲ. ಬರೆದುಕೊಂಡೆ. ಎದ್ದು ನಿಂತು, ಆಗಸ್ಟ್ ಬೆಂಕಿಯ ಪ್ರಸ್ತಾವ ಓದಿದೆ. ಒಪ್ಪುವವರು ಕೈ ಎತ್ತಿ ಅಂದೆ. ನನ್ನ ಕೈ ಮೇಲಿತ್ತು.

"ಬೇಡ ಅನ್ನೋರು?" ಅಂತ ಲೀಲಂಡ್ ತಾನೇ ಕೇಳಿ, ತಾನೇ ಕೈ ಎತ್ತಿದ. ವರ್ನ್ ಎತ್ತಿದ. ಬ್ಯಾಂಡೇಜು ಬಿಚ್ಚಿದ್ದಾನೆ, ಅಂಗೈ ಚರ್ಮ ಇನ್ನೂ ಗುಲಾಬಿ ಬಣ್ಣಕ್ಕಿದೆ. ಬಂದ ಸದಸ್ಯರಿಗೆ ತಲಾ ಒಂದು ಮತ. ನಿಯಮ ಬರೆದವಳು ನಾನೇ.

"ಹಕ್ಕಿ ಬಂದಿವೆ ಲೀಲಂಡ್" ಅಂದೆ. "ನಿನ್ನ ನೆಲದಲ್ಲೇ ಕೂಗ್ತಿವೆ. ಕೇಳಿಸಲ್ವಾ?"

"ಕೇಳಿಸ್ತವೆ" ಅಂದ. "ದಿನಾ ಬೆಳಿಗ್ಗೆ ಕೇಳಿಸ್ತವೆ. ಓಪಲ್ ಇದ್ದಿದ್ರೆ ಮಕ್ಕಳ ಥರ ಕುಣಿದುಬಿಡ್ತಿದ್ಲು. ನಾನು ಎದ್ದು ಕಿಟಕಿ ಹಾಕ್ಕೋತೀನಿ."

ಪ್ರಸ್ತಾವದ ಹಾಳೆ ಮಡಿಸಿಟ್ಟೆ.

ವರ್ನ್ ಹೊರಗೆ ಹೋಗಿ ಕೂಟದ ದೀವಟಿಗೆಗಳನ್ನೆಲ್ಲ ಪಿಕಪ್‌ಗೆ ತುಂಬಿದ. ಹಾರ್ಲನ್ ಹೇಳಿದ್ದಾನಂತೆ, ಅವನ ಮನೆಯಲ್ಲಿ ಬೀಗ ಹಾಕಿಡುತ್ತಾರಂತೆ. ಗಾಡಿ ಹತ್ತುವ ಮುನ್ನ ನನ್ನ ಹತ್ತಿರ ಬಂದ. ನನ್ನ ತೋಳು ಹಿಡಿದುಕೊಂಡ. ಎಷ್ಟು ದಿನವಾಗಿತ್ತು.

"ಮನೆಗೆ ಬರ್ತೀನಿ, ಟ್ವೈಲಾ. ಒಂದ್ಸಲ ಬಾಯಿಬಿಟ್ಟು ಹೇಳು, ಸಾಕು. ಗಾಳಿ ಅಂತ ಅನ್ಬೇಡ."

"ಗಾಳಿಯಲ್ಲದೆ ಇನ್ನೇನು?" ಅಂದೆ.

ತೋಳು ಬಿಟ್ಟ. ಇಬ್ಬರೂ ಹೋದರು.

ಕುರ್ಚಿಗಳನ್ನು ಮಡಿಸಿಟ್ಟು, ಕಾಫಿ ಚೆಲ್ಲಿ, ಬೀಗ ಹಾಕಿಕೊಂಡು ಬಂದೆ. ಅಕ್ಷರಗಳು ಸೊಟ್ಟಗಾಗುತ್ತಿವೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ಇರಬೇಕು.

ಈ ವಾರವಿಡೀ ಮಳೆಯಿಲ್ಲವಂತೆ. ಅವರು ಒಯ್ದದ್ದು ಕೂಟದ ದೀವಟಿಗೆಗಳನ್ನು. ನನ್ನ ಸ್ವಂತದ್ದೊಂದು ಇದೆ, ವಸಂತದಲ್ಲಿ ಕೊಂಡು ತಂದದ್ದು, ಮೇವಿನ ಡಬ್ಬಗಳ ಹಿಂದೆ. ಅದನ್ನು ಯಾರೂ ಕೇಳಲಿಲ್ಲ.